ಅಮ್ಮನ ಕಾಲಿನ ಗಾಯ ಮುಚ್ಕೊಂಡ್ತು, ಎಲ್ಲರಿಗೂ ಥ್ಯಾಂಕ್ಸ್

ಅಮ್ಮನ ಅಂಗಾಲಿನ ಗಾಯ ಪೂರ್ತಿ ವಾಸಿಯಾಗಿದೆ. ಶುಗರ್ ಇರೋರ ಕಾಲಲ್ಲಿ ಗಾಯ ಆದ್ರೆ ಮನೆಯವರಿಗೆ ಎಂಥಾ ಭಯ ಅಂತ ಅನುಭವಿಸಿದವರಿಗೇ ಗೊತ್ತು, ಬೆರಳು ತೆಗೀಬೇಕಾಗ್ಬಹುದು ಅನ್ನೋ ಮಾತೂ ಒಂದ್ಸಲ ಬಂದಿತ್ತು.

ಮೊದಲನೇ ಥ್ಯಾಂಕ್ಸ್ ಡಾಕ್ಟ್ರಿಗೆ. ಪಿಆರ್‌ಪಿ, ಅಂದ್ರೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಸಣ್ಣ ಕಣ) ದಟ್ಟವಾಗಿರೋ ಪ್ಲಾಸ್ಮಾ ಚಿಕಿತ್ಸೆ, ಮಾಡೋಣ ಅಂದಾಗ ನಮಗೆ ತಲೆಬುಡ ಗೊತ್ತಿರ್ಲಿಲ್ಲ, ಪಾಪ ಕೂರಿಸ್ಕೊಂಡು ಬಿಡಿಸಿ ಹೇಳಿದ್ರು. ಅಮ್ಮನದೇ ರಕ್ತ ಸ್ವಲ್ಪ ತಗೊಂಡು, ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ಇರೋ ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜಲ್ಲಿ ಗಿರಗಿರ ತಿರುಗಿಸ್ತಾರೆ, ಕೆಂಪು ಕಣ ತಳಕ್ಕೆ ಹೋಗುತ್ತೆ, ಮೇಲೆ ಉಳಿಯೋ ಹಳದಿ ಪ್ಲಾಸ್ಮಾದಲ್ಲಿ (ರಕ್ತದ ನೀರಿನಂಥ ಭಾಗ) ಪ್ಲೇಟ್‌ಲೆಟ್ ದಟ್ಟವಾಗಿರೋ ಭಾಗ ಮಾತ್ರ ತೆಗೀತಾರೆ. ಮಾಮೂಲಿ ರಕ್ತದಲ್ಲಿ ಒಂದು ಮೈಕ್ರೋಲೀಟರಿಗೆ 1.5ರಿಂದ 4.5 ಲಕ್ಷ ಪ್ಲೇಟ್‌ಲೆಟ್ ಇದ್ರೆ ಇದ್ರಲ್ಲಿ ಸಾಮಾನ್ಯವಾಗಿ ಅದರ 3ರಿಂದ 5 ಪಟ್ಟು. ಅದಕ್ಕೆ ಕ್ಯಾಲ್ಸಿಯಂ ಸೇರಿಸಿದ್ರೆ ಗಟ್ಟಿಯಾಗಿ ಲೋಳೆಸರದ ತಿರುಳಿನ ಥರ ಆಗುತ್ತೆ, ನಾನೇ ಕಣ್ಣಾರೆ ನೋಡಿದೆ. ಅದನ್ನ ಗಾಯದ ಮೇಲೆ ಹಾಕ್ತಾರೆ. ಪ್ಲೇಟ್‌ಲೆಟ್ ಒಳಗಿರೋ ಗ್ರೋತ್ ಫ್ಯಾಕ್ಟರ್‌ಗಳು (ಜೀವಕೋಶ ಬೆಳೆಯೋಕೆ ಸೂಚನೆ ಕೊಡೋ ಪ್ರೋಟೀನ್‌ಗಳು) ಆಗ ಹೊರಗೆ ಬಂದು, ಹೊಸ ರಕ್ತನಾಳ ಮೂಡೋಕೆ, ಹೊಸ ಚರ್ಮ ಕಟ್ಟೋ ಜೀವಕೋಶಗಳು ಗಾಯದ ಕಡೆ ಬರೋಕೆ ದಾರಿ ಮಾಡ್ತವೆ.

ಆದ್ರೆ ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೆಲಸ ಡ್ರೆಸ್ಸಿಂಗ್ ಸಿಸ್ಟರ್‌ದು. ಸತ್ತ ಚರ್ಮ ಉಳಿಸ್ಕೊಂಡು, ಕೀವು ಇಟ್ಕೊಂಡು ಮೇಲೆ ಏನು ಹಾಕಿದ್ರೂ ಹಿಡಿಯಲ್ಲಮ್ಮ ಅಂತ ಪ್ರತಿ ಸಲ ಅಂಚಿನ ಬಿಳೀ ಗಟ್ಟಿ ಚರ್ಮ ಕೆರೆದು ಕ್ಲೀನ್ ಮಾಡೋರು, ವಾಸನೆ ಇದ್ದ ದಿನಗಳಲ್ಲೂ ಒಂದ್ಸಲನೂ ಮುಖ ಸಿಂಡರಿಸ್ಲಿಲ್ಲ. ಗಾಯದ ತಳದಲ್ಲಿ ಕಾಳುಕಾಳಾಗಿ ಕೆಂಪು ಮಾಂಸ ಕಾಣಿಸಿದ ದಿನ "ಬಂತು ನೋಡಿ ಅಜ್ಜಿ, ತುಂಬ್ತಾ ಇದೆ!" ಅಂತ ನಮಗಿಂತ ಮೊದ್ಲು ಖುಷಿಪಟ್ಟಿದ್ದು ಅವರೇ. ಸಿಸ್ಟರ್, ನಿಮ್ಮ ಋಣ ತೀರ್ಸೋಕಾಗಲ್ಲ.

ಅಮ್ಮನ ಸಣ್ಣ ನರ ನೋವಾಗದ ಹಾಗೆ ಹುಡುಕ್ತಿದ್ದ ಲ್ಯಾಬ್ ಹುಡುಗನಿಗೆ, ಕಾಲಿನ ಮೇಲೆ ಭಾರ ಬೀಳಬಾರ್ದು ಅಂತ ಹೊತ್ತುಹೊತ್ತಿಗೆ ಹಿಡ್ಕೊಂಡು ನಡೆಸಿದ ನನ್ನ ತಮ್ಮನಿಗೆ, ಶುಗರ್ ಕಂಟ್ರೋಲಿಗೆ ಬರೋವರೆಗೂ ಬಾಯಿ ಕಟ್ಟಿದ ಅಮ್ಮನಿಗೂ ಥ್ಯಾಂಕ್ಸ್.

ತುಂಬಾ ಜನ ಮೆಸೇಜ್ ಮಾಡಿ ನಮ್ಮವರಿಗೂ ಇದನ್ನ ಮಾಡಿಸ್ಬಹುದಾ ಅಂತ ಕೇಳ್ತಿದೀರ. ಕಾಲಿಗೆ ರಕ್ತ ಸರಿಯಾಗಿ ಹರೀತಿದ್ಯಾ, ಇನ್ಫೆಕ್ಷನ್ ಇದ್ಯಾ, ಪ್ಲೇಟ್‌ಲೆಟ್ ಕೌಂಟ್ ಎಷ್ಟಿದೆ ಅನ್ನೋದನ್ನ ಮೊದ್ಲು ಡಾಕ್ಟ್ರ ಹತ್ರ ನೋಡಿಸಿ, ಎಲ್ಲರಿಗೂ ಇದು ಆಗ್ಬರಲ್ಲ. ನಮ್ಮನೇಲಿ ಏನೇನು ಮಾಡಿದ್ವಿ ಅಂತ ತಿಳ್ಕೋಬೇಕಿದ್ರೆ ಕೇಳಿ, ಸಂಕೋಚ ಬೇಡ, ಖಂಡಿತ ಹೇಳ್ತೀನಿ.