ಮೊದಲ ಅಕ್ಷರ ಕಳೆದುಕೊಂಡ ಫೈಲುಗಳು

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ತಲುಪಿತು. ಕಾಮರ್ಸ್ ಓದಿದವನು ಕಂಪ್ಯೂಟರಿನ ಕಡೆಗೆ ಹೇಗೆ ಹೊರಳಿದೆ ಅಂತ ಕೇಳಿದ್ದೀಯ. ಜತೆಗೆ, ಫೋನಿನಲ್ಲಿ ಏನೋ ಒತ್ತಿ ಏನೋ ಆಗಿಬಿಟ್ಟರೆ ಅನ್ನೋ ಭಯವನ್ನೂ ತೋಡಿಕೊಂಡಿದ್ದೀಯ. ಎರಡಕ್ಕೂ ಉತ್ತರ ಒಂದೇ ಮಧ್ಯಾಹ್ನದಲ್ಲಿದೆ.

ಲೆಕ್ಕಪತ್ರ ಟೈಪ್ ಮಾಡುವ ಕೆಲಸಕ್ಕೆ ಸೇರಿ ಆಗ ಮೂರು ವಾರವಾಗಿತ್ತು. ವಿಂಡೋಸ್‌ಗೆ ಮುಂಚಿನ, ಆಜ್ಞೆ ಟೈಪ್ ಮಾಡಿಯೇ ಕಂಪ್ಯೂಟರ್ ನಡೆಸುತ್ತಿದ್ದ ಡಾಸ್ ಕಾಲ. ಕಪ್ಪು ಪರದೆ, ಮಿಣುಕುವ ಒಂದು ಗೆರೆ, ಅಷ್ಟೇ. ಹೊರಗಿನಿಂದ ತೂರಿಸುವ ಚಪ್ಪಟೆ ಡಿಸ್ಕು ಫ್ಲಾಪಿಯನ್ನು ಖಾಲಿ ಮಾಡುತ್ತಿದ್ದೇನೆ ಅಂದುಕೊಂಡು, ಕಂಪ್ಯೂಟರಿನೊಳಗಿನ ಹಾರ್ಡ್ ಡಿಸ್ಕಿನಲ್ಲೇ ನಿಂತು 'ಡೆಲ್ ಸ್ಟಾರ್ ಡಾಟ್ ಸ್ಟಾರ್', ಅಂದರೆ ಇಲ್ಲಿರುವುದನ್ನೆಲ್ಲ ಅಳಿಸು ಅಂತ ಹೊಡೆದೆ. ಎಲ್ಲ ಫೈಲೂ ಅಳಿಸಿಹೋಗುತ್ತವೆ, ಖಾತ್ರಿಯೇ ಅಂತ ಅದು ಕೇಳಿತು. 'ವೈ' ಒತ್ತಿದೆ. ಕೇಳಿದ್ದಕ್ಕೆಲ್ಲ ಹೂಂ ಅನ್ನುವ ವಯಸ್ಸು! ತಪ್ಪು ಗೊತ್ತಾದಾಗ ಇನ್ನೊಂದು ಘನಕಾರ್ಯ ಮಾಡಿದೆ: ಫೋಲ್ಡರ್ ಬರಿದಾಗಿ ಕಾಣಬಾರದು ಅಂತ ಫ್ಲಾಪಿಯಲ್ಲಿದ್ದ ಒಂದೆರಡು ಫೈಲನ್ನು ತಂದು ಅಲ್ಲಿಗೆ ತುಂಬಿದೆ.

ನಮ್ಮ ಹಿರಿಯರೊಬ್ಬರು ಬಂದು ನೋಡಿದರು. ಬೈಗುಳಕ್ಕೆ ತಲೆ ತಗ್ಗಿಸಿ ಸಿದ್ಧನಾಗಿದ್ದೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು, ಕೈ ಕಟ್ಟಿಕೊಂಡರು, 'ಅನ್‌ಡಿಲೀಟ್ ಅಂತ ಹೊಡಿ' ಅಂದರು. 1991ರಲ್ಲಿ ಡಾಸ್ 5ರ ಜತೆ ಬಂದಿದ್ದ ಆಜ್ಞೆ ಅದು. ನಾನು ಕಂಡಿರಲೇ ಇಲ್ಲ. ಹೊಡೆದರೆ, ಸತ್ತವು ಅಂದುಕೊಂಡಿದ್ದ ಫೈಲುಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಒಂದೇ ವಿಚಿತ್ರ: ಪ್ರತಿ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆ. ಆ ಅಕ್ಷರ ಯಾವುದು ಹೇಳು ಅಂತ ಯಂತ್ರ ನನ್ನನ್ನೇ ಕೇಳುತ್ತಿತ್ತು.

ಡಾಸ್‌ನಲ್ಲಿ ಅಳಿಸುವುದು ಅಂದರೆ ಹೆಸರಿನ ಮೊದಲ ಅಕ್ಷರದ ಮೇಲೆ ಒಂದು ಗುರುತು ಹಾಕಿ, ಆ ಫೈಲು ಹಿಡಿದಿದ್ದ ಜಾಗ ಇನ್ನು ಖಾಲಿ ಅಂತ ಪಟ್ಟಿಯಲ್ಲಿ ಬರೆದುಕೊಳ್ಳುವುದು. ಒಳಗಿನ ಮಾಹಿತಿ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಬೇರೆ ಏನಾದರೂ ಬಂದು ಕೂರುವ ತನಕ. ಎರಡು ಫೈಲು ಮಾತ್ರ ವಾಪಸು ಬರಲಿಲ್ಲ. ಅಳಿಸಿದ್ದರಿಂದಲ್ಲ, ಮುಚ್ಚಿಹಾಕಲು ನಾನು ತುಂಬಿದ್ದರಿಂದ. ಅವನ್ನು ಮತ್ತೆ ಟೈಪ್ ಮಾಡುತ್ತ ರಾತ್ರಿ ಒಂಬತ್ತಾಯಿತು.

ಅಷ್ಟು ಹೊತ್ತೂ ಆ ಮನುಷ್ಯ ಕೀಬೋರ್ಡ್ ಮುಟ್ಟಲಿಲ್ಲ. ಅವರೇ ಟಕಟಕ ಹೊಡೆದು ಎದ್ದು ಹೋಗಿದ್ದರೆ ಕೆಲಸ ಎರಡು ನಿಮಿಷದ್ದು, ನಾನು ಇವತ್ತಿಗೂ ಲೆಕ್ಕಪತ್ರ ಟೈಪ್ ಮಾಡುತ್ತಿದ್ದೆನೇನೋ. ಮರುದಿನದಿಂದ ಡಾಸ್ ಕೈಪಿಡಿ ಹಿಡಿದು ಕೂತೆ. ಆಮೇಲೆ ನೆಟ್‌ವರ್ಕು, ಲಿನಕ್ಸು, ಸರ್ವರುಗಳ ರಾತ್ರಿಪಾಳಿ. ಅದನ್ನೆಲ್ಲ ಹೇಳಿ ನಿನಗೆ ಆಕಳಿಕೆ ತರಿಸುವುದಿಲ್ಲ.

ಇಷ್ಟು ಕಲಿತವನು ಬೇರೆಯವರಿಗೆ ಹೇಳಿಕೊಡುವಾಗ ಆ ಪಾಠವನ್ನೇ ಮರೆತೆ ನೋಡು. ನಿವೃತ್ತ ಮೇಷ್ಟ್ರೊಬ್ಬರಿಗೆ ಫೋನ್ ಕಲಿಸಲು ಹೋಗಿದ್ದೆ. ಅವರು ನೋಟ್‌ಬುಕ್ಕಿನಲ್ಲಿ ನಾನು ಹೇಳಿದ್ದನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು: 'ಎರಡನೇ ಸಾಲು, ಬಲತುದಿಯ ನೀಲಿ ಚಿತ್ರ, ಒಮ್ಮೆ ಒತ್ತುವುದು.' ತಿಂಗಳೊಪ್ಪತ್ತಿನಲ್ಲಿ ಒಂದು ಅಪ್‌ಡೇಟ್ ಬಂತು. ನೀಲಿ ಚಿತ್ರದ ಬಣ್ಣವೂ ಬದಲು, ಜಾಗವೂ ಬದಲು. ತಮಗೇ ಅರಳುಮರಳು ಅಂದುಕೊಂಡುಬಿಟ್ಟಿದ್ದರು ಪಾಪ. ತೋರುಬೆರಳು ಪರದೆಯಿಂದ ಅಂಗುಲ ಮೇಲೆ ನಿಂತು ನಡುಗುತ್ತಿತ್ತು, ಇಳಿಯುತ್ತಿರಲಿಲ್ಲ. ತಪ್ಪು ನನ್ನದು. ಬಾಗಿಲು ಯಾವುದು ಅಂತ ಹೇಳುವ ಬದಲು ಎಷ್ಟು ಹೆಜ್ಜೆ ಅಂತ ಎಣಿಸಿಕೊಟ್ಟಿದ್ದೆ.

ಆವತ್ತು ಕೈ ಕಟ್ಟಿಕೊಂಡು ಕೂತೆ. ಪರದೆಯ ಮೇಲೆ ಏನು ಬರೆದಿದೆಯೋ ಜೋರಾಗಿ ಓದಿ ಸಾರ್, ಆಮೇಲೆ ಒತ್ತಿ ಅಂದೆ. ಜೀವನವಿಡೀ ಉತ್ತರಪತ್ರಿಕೆ ತಿದ್ದಿದವರು, ಓದೋದು ಬಿಡುತ್ತಾರೆಯೇ? ಅರ್ಧ ಗಂಟೆಗೆಲ್ಲ, 'ಇದು ನನ್ನ ಕಾಂಟ್ಯಾಕ್ಟ್ಸ್ ಎಲ್ಲ ಕೇಳುತ್ತಿದೆಯಲ್ಲ, ಟಾರ್ಚ್ ಹಚ್ಚಲು ಅದೇಕೆ ಬೇಕು?' ಅಂತ ನನ್ನನ್ನೇ ತಿರುಗಿ ಕೇಳಿದರು. ನಮ್ಮ ಆಫೀಸಿನಲ್ಲಿ ಆ ಪ್ರಶ್ನೆ ಕೇಳದೆ 'ಅಲೋ', ಅಂದರೆ ಅನುಮತಿ ಇದೆ ಅಂತ ಒತ್ತುವವರೇ ಜಾಸ್ತಿ.

ಈಗ ನಿನ್ನ ಭಯಕ್ಕೆ ಬರೋಣ. ಫೋಟೋ ಅಳಿಸಿದರೆ ಐಫೋನ್ 30 ದಿನವಾದರೂ ಇಟ್ಟುಕೊಂಡಿರುತ್ತದೆ, ಬ್ಯಾಕಪ್ ಆಗಿದ್ದರೆ ಗೂಗಲ್ ಫೋಟೋಸ್ 60 ದಿನ. ಸೆಟ್ಟಿಂಗ್ ಕೆಟ್ಟರೆ ಸರಿಮಾಡಬಹುದು. ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ ಅಂತ ಕಳ್ಳನ ಥರ ಒಪ್ಪಿಕೊಂಡಿದ್ದೀಯಲ್ಲ, ಇರಲಿ ಬಿಡು, ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಅದು ಎಷ್ಟೋ ವಾಸಿ. ಮೂರು ತಿಂಗಳಿಗೊಮ್ಮೆ ಬದಲಿಸುವ ವ್ರತವೂ ಬೇಡ. ಹಾಗೆ ಸುಮ್ಮಸುಮ್ಮನೆ ಬದಲಿಸಬೇಕಿಲ್ಲ ಅಂತ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಜನ ಕೊನೆಗೆ 1 ಇದ್ದದ್ದನ್ನು 2 ಮಾಡುತ್ತಾರೆ, ಅಷ್ಟೇ.

ಹೆದರಬೇಕಾದದ್ದು ಬೇರೆ. ಫೋನ್ ಮಾಡಿದವನಿಗೆ ಓಟಿಪಿ ಹೇಳಿದರೆ, ಅವನ ಮಾತು ಕೇಳಿ ನಿನ್ನ ಪರದೆ ಅವನಿಗೆ ಕಾಣುವ ಆ್ಯಪ್ ಹಾಕಿಕೊಂಡರೆ, ಅದಕ್ಕೆ ಅನ್‌ಡಿಲೀಟ್ ಇಲ್ಲ. ಅವನು ಅವಸರ ಮಾಡಿದಷ್ಟೂ ನೀನು ನಿಧಾನ ಮಾಡು. ಅಕಸ್ಮಾತ್ ಹೇಳಿಬಿಟ್ಟಿದ್ದರೆ ನನ್ನ ಹಾಗೆ ಮುಚ್ಚಿಹಾಕಲು ಹೋಗಬೇಡ, ಆ ಕ್ಷಣವೇ ಬ್ಯಾಂಕಿಗೆ ತಿಳಿಸು, ಆಮೇಲೆ ನನಗೆ.

ಮುಂದಿನ ವಾರ ಬರುತ್ತೇನೆ. ಫೋನ್ ತೋರಿಸು, ಆದರೆ ನನ್ನ ಕೈಗೆ ಮಾತ್ರ ಕೊಡಬೇಡ.

ನಿನ್ನ ಹಳೇ ಗೆಳೆಯ

ತಾ.ಕ.: ಪಾರ್ಸೆಲ್ ಬಂದಿದೆ, ಲಿಂಕ್ ಒತ್ತಿ ಅಂತ ಬಂದ ಮೆಸೇಜನ್ನು ನನಗೆ ಕಳಿಸಿದ್ದೀಯ. ನೀನು ಏನಾದರೂ ತರಿಸಿದ್ದೀಯಾ?