ಹಳೇ ಶಾಕಪ್ ಬೇಕಾದವರ ಗಮನಕ್ಕ

ನಮಸ್ಕಾರ್ರಿ ಎಲ್ಲಾರಿಗೂ. ಮಾರುತಿ 800ಕ್ಕ ಹಳೇ ಶಾಕಪ್ (ಗಾಡಿ ಕುಲುಕೋದು ತಡಿಯೋ ಶಾಕ್ ಅಬ್ಸಾರ್ಬರ್) ಹುಡುಕಾಕ ಈ ರವಿವಾರ ಮುಂಜಾನೆ 9ಕ್ಕ ಗುಜರಿ ಅಂಗಡಿಗೆ ಹೊಂಟೇವಿ. ಗೋಳಗುಮ್ಮಟದ ಗೇಟಿನ ಮುಂದ ಕೂಡೋಣ.

ಬರೋರು ಗಾಡಿ ಯಾವ ವರ್ಷದ್ದು, ಮುಂದಿನವು ಬೇಕೋ ಹಿಂದಿನವು ಬೇಕೋ ಅಂತ ಶನಿವಾರ ಸಂಜೀ ಒಳಗ ಇಲ್ಲೇ ಹಾಕ್ರಿ. ಬಿಚ್ಚಿದ್ದಿದ್ರ ತರ್ರಿ, ಇಲ್ಲಾಂದ್ರ ಫೋಟೋ. ಉದ್ದ, ಬೋಲ್ಟಿನ ತೂತು ತಾಳೆ ನೋಡಬೇಕು. ಮುಂದಿನವು ಎಡಕ್ಕ ಬ್ಯಾರೆ, ಬಲಕ್ಕ ಬ್ಯಾರೆ.

ಒಂದ್ ಮಾತು ಖಡಕ್ ಹೇಳ್ತೀನಿ: ರಾಡಿನ ಬುಡಕ್ಕ ಎಣ್ಣಿ ಜಿನುಗಿ ಧೂಳು ಮೆತ್ಕೊಂಡಿದ್ರ ಮುಟ್ಟಬ್ಯಾಡ್ರಿ. ನಿಂದರಿಸಿ ಒತ್ತಿದ್ರ ಬಿಗಿಯಾಗಿ, ಒಂದೇ ಸಮ ಇಳೀಬೇಕು. ನಾ ಹೋದ ವರ್ಷ ಒಂದೇ ಹಾಕ್ಸಿದ್ದೆ. ತಗ್ಗು ಬಂದಾಗೆಲ್ಲಾ ಗಾಡಿ ಒಂದ್ ಕಡೆ ವಾಲತಿತ್ತು. ಜೋಡೀನೇ ತಗೋರಿ. ಚಲೋವು ಸಿಗಲಿಲ್ಲಂದ್ರ ಹೊಸಾವೇ ಹಾಕಸ್ರಿ, ಮನಿ ಮಂದಿ ಕೂಡೋ ಗಾಡಿ ಅದು.

ಯಾರ ಹತ್ರರೇ ಬಿಚ್ಚಿಟ್ಟ ಜೋಡಿ ಇದ್ರ ದಯವಿಟ್ಟು ತಿಳಸ್ರಿ.