ಮೇನ್ ಯಾವ್ದು, ಕ್ರಾಸ್ ಯಾವ್ದು: ಮಗಳಿಗೊಂದು ಪತ್ರ

ಪುಟ್ಟಿ,

ಒಂದೇ ಮನೇಲಿದ್ಕೊಂಡು ಅಪ್ಪ ಪತ್ರ ಬರೀತಾನಲ್ಲ ಅಂತ ನಗಬೇಡ. ನೀನು ಇಂಟರ್ನ್‌ಶಿಪ್‌ಗೆ ಸೇರಿದ ಮೇಲೆ ನಾವಿಬ್ರೂ ಎದುರುಬದುರು ಕೂತು ಮಾತಾಡಿದ್ದು ಎರಡೋ ಮೂರೋ ಸಲ ಇರಬೇಕು ಅಷ್ಟೇ. ರಾತ್ರಿ ಹತ್ತೂವರೆಗೆ ನೀನು ಬಂದು ಚಪ್ಪಲಿ ಬಿಡೋ ಹೊತ್ತಿಗೆ ನನ್ನದು ಒಂದು ನಿದ್ದೆ ಆಗಿರುತ್ತೆ, ಬೆಳಿಗ್ಗೆ ಮೂರೂಮುಕ್ಕಾಲಿಗೆ ನಾನು ಗಾಡಿ ತೆಗೆಯುವಾಗ ನಿನ್ನ ರೂಮಲ್ಲಿ ಫ್ಯಾನ್ ಸದ್ದು ಬಿಟ್ರೆ ಏನೂ ಕೇಳಲ್ಲ. ಮಗಳು ಪೇಪರ್ ಮಾಡೋಳು, ಗಂಡ ಪೇಪರ್ ಹಾಕೋನು, ಇಬ್ರನ್ನೂ ಒಟ್ಟಿಗೆ ನೋಡ್ಬೇಕು ಅಂದ್ರೆ ನಾನು ಪ್ರೆಸ್ಸಿಗೇ ಹೋಗಿ ಚಾಪೆ ಹಾಸ್ಕೋಬೇಕು ಅಂತಾಳೆ ನಿಮ್ಮಮ್ಮ. ಅದಕ್ಕೇ ಗಾಂಧಿ ಬಜಾರ್ ಫುಟ್‌ಪಾತ್ ಮೇಲೆ ಕೂತು ಮೊಬೈಲಲ್ಲಿ ಟೈಪ್ ಮಾಡ್ತಿದೀನಿ, ಇವತ್ತು ಒಂದು ಪೇಪರಿನ ಬಂಡಲ್ ಇನ್ನೂ ಬಂದಿಲ್ಲ, ಹುಡುಗರು ಟೀ ಕುಡೀತಾ ಇದಾರೆ. ತಪ್ಪುಒಪ್ಪು ಇದ್ರೆ ನೀನೇ ತಿದ್ಕೊಂಡು ಓದು.

ಒಂದು ವಿಷಯ ಹೇಳ್ಬೇಕಿತ್ತು, ಹತ್ತು ದಿನದಿಂದ ಗಂಟಲಲ್ಲಿ ಸಿಕ್ಕೊಂಡಿದೆ. ಅದಕ್ಕೆ ಮುಂಚೆ ಬೇರೆ ಎರಡು ಮಾತು.

ಏಪ್ರಿಲ್‌ನಲ್ಲಿ ನೀನು ಬಂದು ಅಪ್ಪಾ ಪೇಪರ್ ಆಫೀಸಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಸಿಕ್ತು ಅಂದಾಗ ನಾನು ಮುಖ ಗಂಟು ಹಾಕ್ಕೊಂಡೆ, ಸ್ಟೈಪೆಂಡ್ ಎಷ್ಟು ಅಂದೆ, ಇಲ್ಲ ಅಂದೆ ನೀನು, ಹಾಗಾದ್ರೆ ಮೆಟ್ರೋ ಚಾರ್ಜು ನಾವೇ ಕೊಟ್ಟು ಅವರ ಕೆಲಸ ಮಾಡ್ಕೊಡೋದಾ ಅಂತ ಕೇಳ್ಬಿಟ್ಟೆ. ದುಡ್ಡಿನ ಮಾತು ಬರೀ ನೆಪ ಕಣೆ. ನಾನು ಈ ಲೈನಿಗೆ ಇಳಿದಿದ್ದು 1998ರಲ್ಲಿ, ಮರುವರ್ಷ ವಿಜಯ ಕರ್ನಾಟಕ ಬಂತು, ಪೇಪರ್‌ನವರ ಮಧ್ಯೆ ರೇಟ್ ಇಳಿಸೋ ಜಗಳ ಶುರುವಾಯ್ತು, ಜಗಳ ಅವರದ್ದು ಲಾಭ ನಮ್ಮದು ಅನ್ನೋ ಹಾಗೆ ಮನೆಮನೆಗೆ ಪೇಪರ್ ಬರೋಕೆ ಶುರು, ಒಂದೊಂದು ಮನೇಲಿ ಕನ್ನಡದ್ದೊಂದು ಇಂಗ್ಲಿಷಿಂದೊಂದು. ಆಗ ನನ್ನ ಹತ್ರ ಒಂಬತ್ತು ಜನ ಹುಡುಗರಿದ್ರು. 2020ರ ಲಾಕ್‌ಡೌನಲ್ಲಿ ಅಪಾರ್ಟ್‌ಮೆಂಟ್‌ನವರು ಪೇಪರ್ ಮುಟ್ಟಿದ್ರೆ ಕೊರೋನಾ ಬರುತ್ತೆ ಅಂತ ಗೇಟಲ್ಲೇ ನಿಲ್ಲಿಸಿದ್ರಲ್ಲ, ಅವತ್ತು ನಿಲ್ಲಿಸಿದವರಲ್ಲಿ ಅರ್ಧ ಜನ ವಾಪಸ್ ಬರಲೇ ಇಲ್ಲ, ಮೊಬೈಲಲ್ಲೇ ಬರುತ್ತಲ್ಲ ಬಿಡಿ ಅಂದ್ರು. ಈಗ ಹುಡುಗರು ಮೂರೇ ಜನ, ಒಬ್ಬ ಕೈಕೊಟ್ರೆ ಅವನ ಲೈನು, ಅವನು ಪೇಪರ್ ಹಾಕೋ ಬೀದಿಗಳೆಲ್ಲ, ನನ್ನ ತಲೆ ಮೇಲೆ. ಮುಳುಗೋ ದೋಣಿಗೆ ಮಗಳು ಹತ್ತಿದ್ರೆ ಯಾವ ಅಪ್ಪ ಸುಮ್ನಿರ್ತಾನೆ ಹೇಳು.

ಮೊದಲನೇ ವಾರ ನೀನು ಸಪ್ಪೆ ಮುಖ ಮಾಡ್ಕೊಂಡು ಬಂದಾಗ ಒಳಗೊಳಗೇ ಒಳ್ಳೇದಾಯ್ತು ಅಂದ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ಕೂರೋಕೆ ಕುರ್ಚಿ ಇಲ್ಲ, ಯಾರಾದ್ರೂ ರಜಾ ಹಾಕಿದ್ರೆ ಅವರ ಸಿಸ್ಟಂ, ಇಲ್ಲಾಂದ್ರೆ ಕಿಟಕಿ ಪಕ್ಕ ನಿಂತ್ಕೊಳ್ಳೋದು. ದೊಡ್ಡ ಹಗರಣ ಬಯಲು ಮಾಡ್ತೀನಿ ಅಂತ ಹೋದವಳಿಗೆ ಸಿಕ್ಕಿದ್ದು ‘ನಗರದಲ್ಲಿ ಇಂದು’ ಟೈಪ್ ಮಾಡೋ ಕೆಲಸ, ಯಾವ ಸಭಾಂಗಣ, ಎಷ್ಟು ಗಂಟೆ, ಅಧ್ಯಕ್ಷತೆ ಯಾರು. ಕಾಲೇಜಲ್ಲಿ ಎಲ್ಲಾ ಇಂಗ್ಲಿಷ್ ಕೀಬೋರ್ಡು, ಇಲ್ಲಿ ನುಡಿ ಸಾಫ್ಟ್‌ವೇರಲ್ಲಿ ಕನ್ನಡ ಹೊಡೀಬೇಕು, ಒತ್ತಕ್ಷರ ಹುಡುಕೋದ್ರಲ್ಲೇ ಮಧ್ಯಾಹ್ನ ಆಯ್ತು ಅಂದಿದ್ದೆ. ಆಮೇಲೆ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ರ‍್ಯಾಂಕ್ ಬಂದ ಮಕ್ಕಳ ಮನೆಗೆ ಹೋಗಿ ದಿನಕ್ಕೆ ಎಷ್ಟು ಗಂಟೆ ಓದ್ತಿದ್ದೆ ಅಂತ ಕೇಳೋದು, ಅವರಮ್ಮ ಬಾಯಿಗೆ ಮೈಸೂರುಪಾಕ್ ಇಡೋ ಫೋಟೋ. ಲಾಲ್‌ಬಾಗ್ ಮಾವು ಮೇಳಕ್ಕೆ ಮೂರು ಸಲ ಕಳಿಸಿದ್ರು ಅಲ್ವಾ, ಮೂರನೇ ಸಲ ರಾಮನಗರದ ಬಾದಾಮಿ ಎರಡು ಕೆಜಿ ತಗೊಂಡು ಬಂದೆ, ಆ ಇಂಟರ್ನ್‌ಶಿಪ್‌ನಿಂದ ಮನೆಗೆ ಬಂದ ಮೊದಲ ಲಾಭ ಅದೇ, ಅದೂ ನಿನ್ನ ದುಡ್ಡಲ್ಲೇ.

ಆದ್ರೂ ನಿನ್ನ ಗೆಳತಿಯರ ಕಥೆ ಕೇಳಿದ್ರೆ ನಿನ್ನದೇ ವಾಸಿ ಅನಿಸ್ತು. ಟಿವಿ ಚಾನೆಲ್‌ಗೆ ಹೋದವಳು ಬಿಸಿಲಲ್ಲಿ ಮೈಕ್ ಹಿಡ್ಕೊಂಡು ಜನರ ಬೈಟ್ ತಗೊಂಡು ಬರ್ತಾಳೆ, ಸಂಜೆ ನೋಡಿದ್ರೆ ಅವಳ ಕೈ ಮಾತ್ರ ಟಿವಿಯಲ್ಲಿ ಬರುತ್ತೆ. ಇನ್ನೊಬ್ಳು ವೆಬ್‌ಸೈಟ್ ಆಫೀಸಲ್ಲಿ, ದಿನಕ್ಕೆ ಹತ್ತು ಸುದ್ದಿ, ಎಲ್ಲಾ ಬೇರೆಯವರು ಬರೆದಿದ್ದನ್ನೇ ಎತ್ಕೊಂಡು ಹೆಡ್ಡಿಂಗ್ ಬದಲಾಯಿಸೋದು, ಎರಡು ತಿಂಗಳಲ್ಲಿ ಒಂದು ದಿನಾನೂ ಆಫೀಸಿಂದ ಆಚೆ ಕಾಲಿಡಲಿಲ್ವಂತೆ. ಮತ್ತೊಬ್ಬ ಹುಡುಗ ಎಲ್ಲಿಗೋ ದುಡ್ಡು ಕಟ್ಟಿ ಬರೀ ಸರ್ಟಿಫಿಕೇಟ್ ತಂದ ಅಂದೆ, ಆ ಸರ್ಟಿಫಿಕೇಟಿಗೆ ಅವನೇ ಫ್ರೇಮ್ ಹಾಕಿಸ್ಕೋಬೇಕು.

ನಿನಗೆ ಹೇಳದೇ ಇದ್ದ ಇನ್ನೊಂದು ಮಾತು ಇದೆ. ಕಬ್ಬನ್ ಪಾರ್ಕ್ ಪ್ರೆಸ್ ಕ್ಲಬ್‌ನಲ್ಲಿ ಯಾವುದೋ ಪ್ರೆಸ್ ಮೀಟ್ ಮುಗಿದ ಮೇಲೆ ಪ್ರೆಸ್ ನೋಟ್ ಜೊತೆ ಒಂದು ಬ್ಯಾಗ್ ಕೊಟ್ರು, ಒಳಗೆ ಒಂದು ಬಾಕ್ಸ್ ಇತ್ತು, ಬೇಡ ಸರ್ ಅಂತ ಟೇಬಲ್ ಮೇಲೇ ಇಟ್ಟು ಬಂದೆ, ಪಕ್ಕದಲ್ಲಿದ್ದ ಸೀನಿಯರ್ ಒಬ್ರು ಹೊಸದರಲ್ಲಿ ಎಲ್ಲರೂ ಹೀಗೇ ಅಂತ ನಕ್ಕರು ಅಂದೆಯಲ್ಲ. ಅವತ್ತು ನಾನು ಏನೂ ಮಾತಾಡದೆ ಅನ್ನ ಕಲಸ್ತಾ ಇದ್ದೆ. ಮಾರನೇ ದಿನ ಲೈನಲ್ಲಿ ಹೋಗ್ತಾ ಹೋಗ್ತಾ ಅದೇ ಯೋಚನೆ. ಎಲೆಕ್ಷನ್ ಟೈಮಲ್ಲಿ ನಮಗೂ ಬರ್ತಾರೆ ಕಣೆ, ಪೇಪರ್ ಒಳಗೆ ಈ ಪ್ಯಾಂಪ್ಲೆಟ್ ಹಾಕು ಅಂತ ಒಬ್ಬ, ಆ ಪಾರ್ಟಿಯವರ ಪ್ಯಾಂಪ್ಲೆಟ್ ಹಾಕ್ಬೇಡ ಅಂತ ಇನ್ನೊಬ್ಬ, ಎರಡಕ್ಕೂ ದುಡ್ಡು. ಹಾಕೋದಕ್ಕೆ ತಗೊಂಡಿದೀನಿ, ಅದು ನಮ್ಮ ಕಸುಬು. ಹಾಕದೇ ಇರೋದಕ್ಕೂ ಒಂದೇ ಒಂದು ಸಲ ತಗೊಂಡಿದೀನಿ, ನೀನು ಆಗ ಎಲ್‌ಕೆಜಿ. ಆ ನೋಟು ಯಾವುದಕ್ಕೆ ಖರ್ಚಾಯ್ತು ಅಂತ ಈಗಲೂ ನೆನಪಿದೆ, ಬರೆಯಲ್ಲ.

ಇನ್ನು ನಿನ್ನ ಮೊದಲನೇ ಸುದ್ದಿ. ಫ್ರೀಡಂ ಪಾರ್ಕ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಪ್ರತಿಭಟನೆ, ಹಿಂದೆ ಸೆಂಟ್ರಲ್ ಜೈಲಿದ್ದ ಜಾಗ, ಈಗ ಊರವರೆಲ್ಲ ಬಂದು ಕೂಗಬೇಕಾದ್ರೂ ಅದರ ಗೋಡೆ ಒಳಗೇ ಕೂಗಬೇಕು. ಯಾರೋ ಒಬ್ರು ರಾತ್ರಿ ರೈಲಲ್ಲಿ ಬಂದವರು ನಿನಗೇ ಚಿತ್ರಾನ್ನ ಕೊಟ್ರು ಅಂದೆ. ಇಪ್ಪತ್ತೆರಡು ಸಾಲು ಬರೆದೆ, ಒಂಬತ್ತು ಗಂಟೆಗೆ ಜಾಹೀರಾತು ಬಂತು, ಪೇಜಲ್ಲಿ ಜಾಗ ಇಲ್ಲ, ಕೆಳಗಿಂದ ಕತ್ತರಿಸ್ತಾ ಕತ್ತರಿಸ್ತಾ ಎಂಟು ಸಾಲು ಉಳೀತು. ಮುಖ್ಯವಾದದ್ದು ಮೇಲೆ, ಕಮ್ಮಿ ಮುಖ್ಯದ್ದು ಕೆಳಗೆ, ತಲೆಕೆಳಗಾದ ಪಿರಮಿಡ್ ಅಂತ ಕ್ಲಾಸಲ್ಲಿ ಯಾಕೆ ಹೇಳ್ಕೊಡ್ತಾರೆ ಅಂತ ಅವತ್ತು ಗೊತ್ತಾಯ್ತು ಅಂತ ನೀನು ಅಂದೆ, ಚಿತ್ರಾನ್ನ ಕೆಳಗಿತ್ತು, ಹೋಯ್ತು. ಮಾರನೇ ದಿನ ಬಂಡಲ್ ಬಿಚ್ಚಿದ ತಕ್ಷಣ ಲೈಟ್ ಕಂಬದ ಕೆಳಗೆ ನಿಂತು ನಾನು ಆ ಎಂಟು ಸಾಲು ಹುಡುಕ್ದೆ. ಬೈಲೈನ್, ಅದೇ ಬರೆದವರ ಹೆಸರು, ಇರಲಿಲ್ಲ. ಇಷ್ಟು ವರ್ಷದಲ್ಲಿ ಪೇಪರ್ ಎಣಿಸಿದೀನಿ, ಮಡಚಿದೀನಿ, ಮೂರನೇ ಮಹಡಿ ಬಾಲ್ಕನಿಗೆ ಎಸೆದಿದೀನಿ, ಆದ್ರೆ ಒಳಪುಟದ ಮೂಲೇಲಿರೋ ಸುದ್ದಿ ಪೂರ್ತಿ ಓದಿದ್ದು ಅವತ್ತೇ ಇರಬೇಕು. ಆಮೇಲೆ ಅದನ್ನ ಇನ್ನೂರು ಮನೆಗೆ ನಾನೇ ಹಾಕ್ದೆ.

ಈಗ ಆ ವಿಷಯ.

ನೀರಿನ ಸುದ್ದಿ. ನಮ್ಮ ಏರಿಯಾದ್ದೇ, ಹನ್ನೆರಡು ದಿನದಿಂದ ಕಾವೇರಿ ನೀರು ಬಂದಿಲ್ಲ ಅಂತ ಯಾರೋ ಆಫೀಸಿಗೆ ಫೋನ್ ಮಾಡಿದ್ರು, ನೀನು ಫೋನಲ್ಲೇ ಕೇಳ್ಕೊಂಡು ಬರೆದೆ, ಜಲಮಂಡಳಿ ಇಂಜಿನಿಯರ್‌ಗೂ ಫೋನಲ್ಲೇ ಕೇಳ್ದೆ. 3ನೇ ಕ್ರಾಸ್ ಅಂತ ಬರೀಬೇಕಾದ ಕಡೆ 3ನೇ ಮೇನ್ ಅಂತ ಬಂತು. ಮಧ್ಯಾಹ್ನ ಟ್ಯಾಂಕರ್ ಬಂದು 3ನೇ ಮೇನ್‌ನಲ್ಲಿ ನಿಂತಿತ್ತು, ಅಲ್ಲಿ ಎಲ್ಲರ ಸಂಪೂ ತುಂಬಿತ್ತು, ಒಬ್ರು ಕಾರ್ ತೊಳ್ಕೊಂಡ್ರಂತೆ. ನಿನ್ನ ಚೀಫ್ ರಿಪೋರ್ಟರ್ ಎಲ್ಲರ ಮುಂದೆ ಬೈದ್ರು, ನೀನು ಬಾತ್‌ರೂಮಲ್ಲಿ ಅತ್ತೆ, ಅಮ್ಮನಿಗೆ ಹೇಳಿದ್ದೆ, ಅಮ್ಮ ನನಗೆ ಹೇಳಿದ್ಲು.

ನಿನಗೆ ಗೊತ್ತಿಲ್ಲದ್ದು ಇದು. ಅದರ ಮಾರನೇ ದಿನ ಬೆಳಿಗ್ಗೆ 3ನೇ ಕ್ರಾಸ್‌ನ ಮೇಷ್ಟ್ರು ಗೇಟ್ ಹತ್ರ ಕಾಯ್ತಾ ನಿಂತಿದ್ರು. ರಿಟೈರ್ಡ್ ಹೆಡ್‌ಮೇಷ್ಟ್ರು, ಪೇಪರಲ್ಲಿ ಕಾಗುಣಿತ ತಪ್ಪಿದ್ರೂ ನನ್ನನ್ನೇ ಕೇಳೋರು, ನಾನೇ ಅಚ್ಚು ಹಾಕಿದ ಹಾಗೆ. ಏನಪ್ಪಾ, ಮೇನ್ ಯಾವ್ದು ಕ್ರಾಸ್ ಯಾವ್ದು ಅಂತ ಗೊತ್ತಿಲ್ಲದವರನ್ನೆಲ್ಲ ಕೂರಿಸ್ಕೊಂಡು ಬರೆಸ್ತಾರಲ್ಲ ಈಗ, ಯಾರು ಇವರೆಲ್ಲ ಅಂದ್ರು. ನಾನು ಪೇಪರ್ ಕೈಗೆ ಕೊಟ್ಟು, ಏನೋ ಗೊತ್ತಿಲ್ಲ ಸರ್, ಹೊಸ ಹುಡುಗರಿರಬೇಕು ಅಂದ್ಬಿಟ್ಟೆ.

ಹೊಸ ಹುಡುಗರಿರಬೇಕು ಅಂದೆ ಪುಟ್ಟಿ. ನನ್ನ ಮಗಳು ಅಂತ ಬಾಯಿಗೆ ಬರಲಿಲ್ಲ. ಎಂಟು ಸಾಲಿನ ಸುದ್ದಿ ಬಂದ ದಿನ ಟೀ ಅಂಗಡಿಯವನಿಗೆ, ಹೂವಿನವಳಿಗೆ, ಹಾಲಿನ ಬೂತ್‌ನವನಿಗೆ, ಕೇಳದೇ ಇದ್ದೋರಿಗೆಲ್ಲ ನನ್ನ ಮಗಳು ಬರೆದಿದ್ದು ಅಂತ ತೋರಿಸಿದವನು ನಾನೇ. ಅಲ್ಲಿಂದ ಮುಂದಿನ ಆರು ಮನೆಗೆ ಪೇಪರ್ ಹಾಕಿದ್ದು ನೆನಪೇ ಇಲ್ಲ, ಒಂದು ಮನೆಗೆ ಬೇರೆ ಪೇಪರೇ ಹಾಕಿದ್ದೆ, ಆಮೇಲೆ ಫೋನ್ ಬಂತು.

ಆಮೇಲೆ ಯೋಚನೆ ಮಾಡ್ದೆ. ಈ ಊರಲ್ಲಿ ಅಡ್ರೆಸ್ ಅನ್ನೋದು ಹುಡುಗಾಟ ಅಲ್ಲ, 3ನೇ ಮೇನೂ ಇದೆ 3ನೇ ಕ್ರಾಸೂ ಇದೆ, ಅವೆರಡೂ ಸೇರೋ ಮೂಲೆನೂ ಇದೆ, ಪಕ್ಕದ ಬ್ಲಾಕ್‌ನಲ್ಲಿ ಮತ್ತೆ ಅದೇ ನಂಬರು, ಮಧ್ಯೆ ಮನೆ ಕಟ್ಟಿದ ಮೇಲೆ ಹುಟ್ಟಿಕೊಂಡ ‘ಎ’ ಕ್ರಾಸ್ ಬೇರೆ. ನನ್ನ ಹತ್ರ ಹೊಸ ಹುಡುಗ ಸೇರಿದ್ರೆ ಒಂದು ವಾರ ಅವನ ಕೈಗೆ ಪೇಪರ್ ಕೊಡಲ್ಲ, ಹಿಂದೆ ಹಿಂದೆ ನಡಿ ಅಂತೀನಿ, ನಾಯಿ ಇರೋ ಮನೆ ಯಾವ್ದು, ಗೇಟ್ ಸದ್ದು ಮಾಡಿದ್ರೆ ಬೈಯೋ ಮನೆ ಯಾವ್ದು, ಕಿಟಕಿಗೆ ಸಿಕ್ಕಿಸಬೇಕಾದ ಮನೆ ಯಾವ್ದು, ಎಲ್ಲಾ ಕಾಲಿಗೆ ಗೊತ್ತಾಗಬೇಕು. ಮೂಟೆ ಹೊರೋ ಕೆಲಸದಂಥ ನಮ್ಮ ಕೆಲಸಕ್ಕೇ ಲೈನ್ ತೋರಿಸ್ತೀವಿ. ನಿನಗೆ ಅಲ್ಲಿ ಯಾರೂ ಲೈನ್ ತೋರಿಸಲಿಲ್ಲ, ಫೋನ್ ಕೊಟ್ಟು ಕೂರಿಸಿದ್ರು, ತಪ್ಪಾದ ಮೇಲೆ ಮಾತ್ರ ಎಲ್ಲರಿಗೂ ನೀನು ಕಾಣಿಸ್ದೆ. ಅದು ಅವರ ತಪ್ಪು. ನಮ್ಮ ಮನೆಯಿಂದ ನಾಲ್ಕು ರಸ್ತೆ ಆಚೆ ಇರೋ ಬೀದಿಗೆ ನಡ್ಕೊಂಡು ಹೋಗದೇ ಇದ್ದದ್ದು ಮಾತ್ರ ನಿನ್ನದೇ. ಯಾರು ಏನು ಎಲ್ಲಿ ಯಾವಾಗ ಯಾಕೆ ಹೇಗೆ ಅಂತ ಬಾಯಿಪಾಠ ಮಾಡ್ತಿದ್ದೆಯಲ್ಲ ಪರೀಕ್ಷೆಗೆ, ಉಳಿದ ಐದು ಫೋನಲ್ಲಿ ಸಿಗಬಹುದೇನೋ, ‘ಎಲ್ಲಿ’ ಮಾತ್ರ ಸಿಗಲ್ಲ.

ಮಾರನೇ ದಿನದ ತಿದ್ದುಪಡಿ ನೋಡ್ದೆ, ಎರಡು ಸಾಲು. ಅದನ್ನ ಬರೆದು ಕೊಟ್ಟಿದ್ದು ನೀನೇ ಅಂತೆ, ಯಾರೂ ಕೇಳಿರಲಿಲ್ಲ ಅಂತೆ. ಅಮ್ಮ ಅದನ್ನ ಕತ್ತರಿಸಿ ಇಟ್ಟಿದಾಳೆ, ಬೀರುವಲ್ಲಿ ಆ ಎಂಟು ಸಾಲಿನ ಪಕ್ಕದಲ್ಲೇ.

ಅಂದ ಹಾಗೆ ರಾತ್ರಿ ಲೇಟಾಗೋ ವಿಷಯಕ್ಕೆ ನಾನಿನ್ನು ಕೂಗಾಡಲ್ಲ. ಆದ್ರೆ ಆಫೀಸಲ್ಲಿ ಯಾರಾದ್ರೂ ಅಡ್ಡಾದಿಡ್ಡಿ ಮಾತಾಡಿದ್ರೆ, ಇಂಟರ್ನ್ ಅಲ್ವಾ ಯಾರಿಗೆ ಹೇಳೋದು ಅಂತ ನುಂಗ್ಕೋಬೇಡ. ನಮ್ಮ ಲೈನ್‌ನ ಲಾಯರ್ ಮೇಡಂ ಹತ್ರ ಕೇಳಿದೀನಿ, ಕೆಲಸದ ಜಾಗದಲ್ಲಿ ಹೆಣ್ಮಕ್ಕಳಿಗೆ ಲೈಂಗಿಕ ಕಿರುಕುಳ ತಡೆಯೋ 2013ರ ಕಾನೂನಲ್ಲಿ ಸಂಬಳ ಇಲ್ಲದೆ ಕೆಲಸ ಮಾಡೋ ಟ್ರೈನೀಗಳೂ ಬರ್ತಾರೆ, ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಆಫೀಸಲ್ಲಿ ಆಂತರಿಕ ದೂರು ಸಮಿತಿ ಇರ್ಲೇಬೇಕು ಅಂದ್ರು. ಇದನ್ನ ಕೇಳೋಕೆ ಅವರ ಮನೆ ಮುಂದೆ ಎರಡು ದಿನ ತಡಬಡಾಯಿಸಿದೀನಿ, ಪೇಪರ್ ಬಿಲ್ ಕೇಳೋಕೆ ಬಂದಿದಾನೆ ಅಂದ್ಕೊಂಡಿದ್ರು ಪಾಪ.

ನಿನ್ನ ಇಂಟರ್ನ್‌ಶಿಪ್ ಜೂನ್ 30ಕ್ಕೆ ಮುಗಿಯುತ್ತೆ, ಮಾರನೇ ದಿನ ಜುಲೈ 1, ಪತ್ರಿಕಾ ದಿನಾಚರಣೆ. 1843ರಲ್ಲಿ ಅದೇ ದಿನ ಮಂಗಳೂರಲ್ಲಿ ಮೋಗ್ಲಿಂಗ್ ಅನ್ನೋ ಜರ್ಮನ್ ಪಾದ್ರಿ ಕಲ್ಲಚ್ಚಲ್ಲಿ ಮಂಗಳೂರು ಸಮಾಚಾರ ತಂದ್ರು, ಹದಿನೈದು ದಿನಕ್ಕೊಂದು ಸಲ, ನಾಲ್ಕು ಪುಟ ಅಂತ ನೀನೇ ಓದಿ ಹೇಳಿದ್ದೆ. ಅದನ್ನ ಮನೆಮನೆಗೆ ಹಾಕಿದೋರು ಯಾರು ಅಂತ ನಿನ್ನ ಬುಕ್ಕಲ್ಲಿ ಇದೆಯಾ ಅಂತ ನಾನು ಕೇಳಿದ್ದಕ್ಕೆ ನೀನು ಗಟ್ಟಿಯಾಗಿ ನಕ್ಕೆ. ನಮ್ಮ ದಿನ ಸೆಪ್ಟೆಂಬರ್ 4, ವಿತರಕರ ದಿನ, ಒಂದು ಶಾಲು ಹಾಕ್ತಾರೆ, ಅವತ್ತೂ ಬೆಳಿಗ್ಗೆ ಪೇಪರ್ ಹಾಕಿಯೇ ಹೋಗ್ಬೇಕು.

ನಿನ್ನೆ ಮೇಷ್ಟ್ರ ಮನೆ ಹತ್ರ ಗಾಡಿ ನಿಲ್ಲಿಸ್ದೆ. ಬಿಲ್ ಡೇಟ್ ಅಲ್ವಲ್ಲ ಅಂದ್ರು. ಸರ್ ಅವತ್ತು ನೀರಿನ ಸುದ್ದಿ ತಪ್ಪು ಬರೆದಿದ್ದು ನನ್ನ ಮಗಳೇ, ನಾನು ಗೊತ್ತಿದ್ದೂ ಹೇಳಲಿಲ್ಲ ಅಂದೆ. ಕನ್ನಡಕ ಹಣೆ ಮೇಲೆ ಏರಿಸಿ ಸ್ವಲ್ಪ ಹೊತ್ತು ನೋಡಿದ್ರು, ಬೈತಾರೆ ಅಂತ ರೆಡಿ ಆದೆ. ಹಂಗಾದ್ರೆ ನಮ್ಮ ಮೋರಿ ವಿಷಯ ಬರೆಯೋಕೆ ಹೇಳಯ್ಯ, ಮೂರು ಸಲ ಅರ್ಜಿ ಕೊಟ್ಟಿದೀನಿ, ಮೂರಕ್ಕೂ ಸೀಲ್ ಹಾಕಿದ ಕಾಪಿ ಇದೆ, ಮಳೆ ಬಂದ್ರೆ ನೀರು ಅಡುಗೆಮನೆಗೇ ಬರುತ್ತೆ, ಬಂದು ನೋಡ್ಲಿ ಅಂದ್ರು.

ಬಂಡಲ್ ಬಂತು, ಹುಡುಗರು ಕೂಗ್ತಿದಾರೆ. ಹೋಗೋದಾದ್ರೆ ಹನ್ನೊಂದಕ್ಕೆ ಮುಂಚೆ ಹೋಗು, ಊಟ ಆದ ಮೇಲೆ ಅವರು ಮಲಗ್ತಾರೆ. 3ನೇ ಕ್ರಾಸ್, ಎಡಗಡೆ ಏಳನೇ ಮನೆ, ಹಸಿರು ಗೇಟು, ಗೇಟ್ ಪಕ್ಕದಲ್ಲೇ ಮೋರಿ.

ಇಂತಿ,
ಅಪ್ಪ